ಸಲಿಕೆ ನಿಂತಿದೆಯಾ?

ನಾನು ಬದುಕಿನಲ್ಲಿ ಎರಡನ್ನು ನಂಬಿ ಕೆಟ್ಟೆ. ಒಂದು, ನನ್ನ ಹೆಂಡತಿ ಒಡೆಟ್ "ನನಗೇನೂ ಕೋಪ ಇಲ್ಲ" ಎಂದದ್ದು. ಇನ್ನೊಂದು, ನಮ್ಮ ನಗರಸಭೆಯ ಜಾಲತಾಣ. ಮೊದಲನೆಯದರಿಂದ ಆದ ಗಾಯಗಳು ಹಳೆಯವು, ಒಣಗಿವೆ. ಎರಡನೆಯದು ಈ ಚಳಿಗಾಲದ್ದು, ಇನ್ನೂ ಹಸಿಯಾಗಿದೆ. ನಮ್ಮ ಬೀದಿಯಲ್ಲಿ ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳಿಕೊಂಡು ನಗುತ್ತಿದ್ದಾರೆ. ಬೇರೆಯವರ ಬಾಯಲ್ಲಿ ಕೇಳುವ ಬದಲು ನನ್ನ ಬಾಯಲ್ಲೇ ಕೇಳಿಬಿಡಿ.

ನಾನು, ಕ್ಲೆಮಾನ್, ನಿವೃತ್ತನಾಗುವವರೆಗೂ ಸಿಟಿ ಬಸ್ಸುಗಳ ವೇಳಾಪಟ್ಟಿ ತಯಾರಿಸುತ್ತಿದ್ದೆ. (ಬಸ್ಸುಗಳು ಆ ಪಟ್ಟಿಯನ್ನು ಓದುತ್ತಿರಲಿಲ್ಲ ಎಂಬುದು ಬೇರೆ ಮಾತು.) ಹಾಗಾಗಿ ಸರ್ಕಾರ ಅಚ್ಚು ಹಾಕಿಸಿದ್ದೆಲ್ಲ ನಿಜವೆಂದು ನಂಬುವ ಜಾತಿ ನಾನು. ಕಳೆದ ಬೇಸಿಗೆಯಲ್ಲಿ ನದಿಯ ಆಚೆ ದಂಡೆಯ ನಮ್ಮ ಮನೆ ಬಿಟ್ಟು ಅತ್ತೆ ಆಲ್ಫೋನ್ಸಿನ್ ಅವರ ಮನೆಯ ಮಹಡಿಗೆ ಬಂದೆವು. ಅತ್ತೆ ಕೆಳಗೆ, ನಾವು ಮೇಲೆ, ನಡುವೆ ಬೀದಿಗೆ ತೆರೆದುಕೊಂಡ ಕಬ್ಬಿಣದ ಸುರುಳಿ ಮೆಟ್ಟಿಲು. ಕ್ವಿಬೆಕ್‌ನ ಹಿಮದಲ್ಲಿ ಇಂಥ ಮೆಟ್ಟಿಲನ್ನು ಮನೆಯ ಹೊರಗೆ ಯಾಕೆ ಕಟ್ಟಿದರೋ, ಅಳಿಯಂದಿರ ಸಂಖ್ಯೆ ಕಡಿಮೆ ಮಾಡಲೆಂದೇ ಇರಬೇಕು.

ಬೀದಿಯ ಕೊನೆಯಲ್ಲಿ ಒಂದು ಪಾರ್ಕು. ಚಳಿಗಾಲ ಬಂತೆಂದರೆ ಅಲ್ಲಿ ನೆಲಕ್ಕೆ ನೀರು ಹಾಯಿಸಿ, ಹೆಪ್ಪುಗಟ್ಟಿಸಿ, ಸ್ಕೇಟಿಂಗ್ ಅಂಗಳ ಮಾಡುತ್ತಾರೆ. ನಗರಸಭೆ ಕೊಡುವುದು ನೀರು ಮತ್ತು ದೀಪ ಮಾತ್ರ. ಕೈ ಮರಗಟ್ಟಿಸಿಕೊಂಡು ನೀರು ಹಾಯಿಸುವವರು ಬೀದಿಯವರೇ. ಆ ಕೆಲಸವನ್ನು ಜೀವಮಾನವಿಡೀ ಮಾಡಿದವರು ನನ್ನ ಮಾವ ಲೂಸಿಯೆನ್. ಪ್ರತಿ ವರ್ಷ ಅಂಗಳ ತೆರೆದಾಗ ಮೊದಲ ಸುತ್ತು ಅವರದೂ ಅತ್ತೆಯದೂ, ತೋಳಿಗೆ ತೋಳು ಕೊಟ್ಟು. ಅವರಾದ ಮೇಲೆಯೇ ಉಳಿದವರು. ಮಾವ ಕಳೆದ ವಸಂತದಲ್ಲಿ ತೀರಿಕೊಂಡರು. ಈಗ ಅತ್ತೆಯ ಮಂಡಿಗೆ ಆಪರೇಷನ್ ನಿಗದಿಯಾಗಿದೆ. ಅದಾದ ಮೇಲೆ ಸ್ಕೇಟನ್ನು ಮೊಳೆಗೆ ನೇತುಹಾಕಿಬಿಡಿ ಎಂದು ಡಾಕ್ಟರು ಹೇಳಿದ್ದಾರೆ.

"ಅದಕ್ಕೆ ಮುಂಚೆ ಒಂದೇ ಒಂದು ಸುತ್ತು ಹಾಕ್ಬೇಕು ಕ್ಲೆಮಾನ್," ಎಂದರು ಅತ್ತೆ. "ಆಮೇಲೆ ಮಂಡಿಯಾದ್ರೂ ಕೊಯ್ಲಿ, ಕುತ್ತಿಗೆಯಾದ್ರೂ ಕೊಯ್ಲಿ. ಅಂಗಳ ಯಾವತ್ತು ತೆರೀತಾರೆ ಅಂತ ಸರಿಯಾಗಿ ತಿಳ್ಕೊಂಡು ಹೇಳೋ ಜವಾಬ್ದಾರಿ ನಿಂದು."

ಮದುವೆಯಾದ ಮೇಲೆ ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಜವಾಬ್ದಾರಿ ಅದು. ನಾನು ಅಂದೇ 'ಮಾಹಿತಿ ಮಂತ್ರಿ'ಯಾಗಿ ಅಧಿಕಾರ ಸ್ವೀಕರಿಸಿದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಜಾಲತಾಣ ಘೋಷಿಸಿತು: "ತೆರೆದಿದೆ. ಮಂಜುಗಡ್ಡೆಯ ಸ್ಥಿತಿ: ಅತ್ಯುತ್ತಮ." ಅತ್ತೆಯನ್ನು ಜಾರುಬಂಡಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಸ್ಕೇಟುಗಳನ್ನು ಅವರ ಕೊರಳಿಗೆ ಹಾಕಿ ಎಳೆದುಕೊಂಡು ಹೊರಟೆ. ಹಿಂದೆ ಒಡೆಟ್. ಪಾರ್ಕು ತಲುಪಿ, ಗೇಟು ದಾಟಿ, ಹಿಂದಿನಿಂದ ತಾಯಿ ಮಗಳು ಏನೋ ಕೂಗಿದ್ದನ್ನೂ ಕೇಳಿಸಿಕೊಳ್ಳದೆ, ಉತ್ಸಾಹದಲ್ಲಿ ಒಂದು ಸಲ ಜೋರಾಗಿ ಎಳೆದೆ. ಅಂಗಳದಲ್ಲಿ ಮಂಜುಗಡ್ಡೆ ಇರಲಿಲ್ಲ, ನೀರಿತ್ತು. ನೀರಿನ ಮೇಲೆ ಯಾರದೋ ಕೈಗವಸು ತೇಲುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಪಕ್ಕದಲ್ಲಿ ಅತ್ತೆಯ ಕಂಬಳಿಯೂ ತೇಲಿತು.

"ಅತ್ಯುತ್ತಮ ಅಂತ ಬರೆದಿತ್ತು," ಎಂದೆ.

"ನೀರು ಅತ್ಯುತ್ತಮವಾಗೇ ಇದೆ," ಎಂದಳು ಒಡೆಟ್. "ಸೋಪು ತಂದಿದ್ರೆ ಅಮ್ಮನ ಸ್ನಾನಾನೂ ಮುಗಿಸ್ಕೊಂಡು ಹೋಗ್ಬಹುದಿತ್ತು. ನಿನಗೆ ಕಣ್ಣು ಯಾಕೆ ಕೊಟ್ಟಿದಾನೆ ದೇವರು? ಪರದೆ ನೋಡೋಕಾ?"

ಅತ್ತೆಗೆ ವಾರಗಟ್ಟಲೆ ನೆಗಡಿ. ನಾನು ನಗರಸಭೆಗೆ ಫೋನು ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ನಮ್ಮ ಪರದೇಲಿ ತೆರೆದಿದೆ ಅಂತಾನೇ ಇದೆ ಸರ್."

"ಅಲ್ಲಿ ನೀರಿದೆ ತಾಯಿ."

"ನೀರಿನ ಬಗ್ಗೆ ದೂರು ಇದ್ರೆ ಎರಡು ಒತ್ತಿ ಸರ್."

ಅಂದಿನಿಂದ ನಾನು ಪಣ ತೊಟ್ಟೆ: ಇನ್ನು ಮೇಲೆ ಸ್ವಂತ ಕಣ್ಣು, ಸ್ವಂತ ಕಾಲು. ದಿನವೂ ಮಧ್ಯಾಹ್ನ ಬಟಾಣಿ ಸೂಪು ಕುಡಿದು, ಶಾಲೆ ಬಿಡುವ ಮುಂಚೆ ಪಾರ್ಕಿಗೆ ಹೋಗಿ ಸ್ಥಳ ಪರಿಶೀಲನೆ ಮಾಡಿ ಅತ್ತೆಗೆ ವರದಿ ಒಪ್ಪಿಸುವುದು.

ಜನವರಿಯಲ್ಲಿ ನಿಜವಾದ ಚಳಿ ಬಿತ್ತು. ಮೂಗಿನೊಳಗಿನ ಕೂದಲು ಮುರಿಯುವಂಥ ಚಳಿ. ಆ ದಿನ ನಾನು ಹೋದಾಗ ಅಂಗಳ ಕನ್ನಡಿಯ ಹಾಗಿತ್ತು. ಮೇಲೆ ಒಂದು ಗೀಟಿಲ್ಲ, ಸುತ್ತ ಒಂದು ಸದ್ದಿಲ್ಲ. ಮೂರು ಗಂಟೆಗೇ ಬೆಳಕು ಬಾಡಿತ್ತು. ಗೇಟಿನ ಪಕ್ಕದ ಹಿಮದ ದಿಬ್ಬದ ಮೇಲೆ ಒಂದು ಸಲಿಕೆ ಅಂಗಾತ ಬಿದ್ದಿತ್ತು. ಬಗ್ಗಿ ನೋಡಿದರೆ ಕೆಂಪು ಬಣ್ಣದ ಹಿಡಿ, ಅದರ ಮೇಲೆ ಚಾಕುವಿನಲ್ಲಿ ಕೆತ್ತಿದ ಲೂಸಿಯೆನ್ ಎಂಬ ಹೆಸರು. ನಮ್ಮ ಮಾವನದು.

ಊರಿಗೆಲ್ಲ ಅಂಗಳ ಮಾಡಿಕೊಟ್ಟ ಮನುಷ್ಯನ ಸಲಿಕೆ ಹೀಗೆ ದಿಕ್ಕಿಲ್ಲದೆ ಬಿದ್ದಿರುವುದೇ? ಅದನ್ನೆತ್ತಿ, ಹಿಮ ಒರೆಸಿ, ದಿಬ್ಬದ ನೆತ್ತಿಯಲ್ಲಿ ಸೈನಿಕನ ಹಾಗೆ ನೆಟ್ಟಗೆ ನಿಲ್ಲಿಸಿದೆ. ಕೈಮುಗಿಯುವುದೊಂದು ಬಾಕಿ.

ಮನೆಗೆ ಬಂದು ವರದಿ ಒಪ್ಪಿಸಿದೆ. "ಅತ್ತೆ, ಮಂಜುಗಡ್ಡೆ ಕನ್ನಡಿ ಆಗಿದೆ. ಜಾಲತಾಣದಲ್ಲೂ ತೆರೆದಿದೆ ಅಂತಿದೆ. ಈಗಲೇ ಹೊರಡೋಣ."

ಅತ್ತೆ ನನ್ನ ಉತ್ಸಾಹದ ಕಡೆ ನೋಡಲೇ ಇಲ್ಲ. "ಸಲಿಕೆ ನೋಡಿದ್ಯಾ? ನಿಂತಿದೆಯಾ, ಮಲಗಿದೆಯಾ?"

ಪಾಪ, ಗಂಡನ ಸಲಿಕೆ. ಅದಕ್ಕೆ ತಕ್ಕ ಮರ್ಯಾದೆ ಸಿಗುತ್ತಿದೆಯೋ ಇಲ್ಲವೋ ಎಂದು ವಿಧವೆಯ ಜೀವ ಹಂಬಲಿಸುತ್ತಿದೆ ಎಂದುಕೊಂಡೆ. "ನಿಂತಿದೆ ಅತ್ತೆ. ಠೀವಿಯಿಂದ ನಿಂತಿದೆ."

ಅತ್ತೆ ಕೊರಳಿನ ಶಿಲುಬೆಯನ್ನು ಮುಟ್ಟಿಕೊಂಡರು. "ಹಾಗಾದ್ರೆ ಇವತ್ತು ಬೇಡ."

"ಆದ್ರೆ ನಾನು ಕಣ್ಣಾರೆ..."

"ನಿಂತಿದೆ ಅಂದ್ಮೇಲೆ ಮುಗೀತಲ್ಲ, ಇನ್ನೇನು ವಾದ," ಎಂದಳು ಒಡೆಟ್. "ನಿನ್ನ ಮಾತು ಕೇಳಿ ಒಂದು ಸಲ ಮುಳುಗಿದ್ದು ಸಾಲ್ದಾ?"

ಸಲಿಕೆ ನಿಂತಿದ್ದು ಕೇಳಿ ಅತ್ತೆಯ ಮನಸ್ಸು ತುಂಬಿ ಬಂದಿದೆ, ಇವತ್ತು ಅವರಿಗೆ ಸ್ಕೇಟಿಂಗ್ ಬೇಡವಾಗಿದೆ ಎಂದು ನಾನೇ ಅರ್ಥ ಮಾಡಿಕೊಂಡು ಸುಮ್ಮನಾದೆ. (ಹೆಂಗಸರ ಮನಸ್ಸನ್ನು ಅರ್ಥ ಮಾಡಿಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.)

ಮರುದಿನ ಹೋದರೆ ಸಲಿಕೆ ಮತ್ತೆ ಅಂಗಾತ ಮಲಗಿತ್ತು.

ಗಾಳಿಗೆ ಬಿದ್ದಿರಬೇಕೆಂದು ಇನ್ನೂ ಆಳಕ್ಕೆ ನೆಟ್ಟೆ. ಅದರ ಮರುದಿನ ಮತ್ತೆ ಮಲಗಿತ್ತು. ಸುತ್ತ ಹೆಜ್ಜೆ ಗುರುತಿಲ್ಲ, ಗಾಳಿ ಗುಡಿಸಿದ ಹಿಮ ಹಾಳೆಯಂತೆ ನುಣ್ಣಗಿತ್ತು. ಅಂಗಳದ ಮೇಲೆ ಇನ್ನೂ ಒಂದು ಗೀಟು ಬಿದ್ದಿರಲಿಲ್ಲ. ಇಡೀ ಬೀದಿಯ ಮಕ್ಕಳು ಶಾಲೆ ಬಿಟ್ಟೊಡನೆ ನುಗ್ಗುವ ಜಾಗ ಅದು. ನಾನು ಸಲಿಕೆ ನಿಲ್ಲಿಸಿ ಹೊರಟಾಗ ಮಕ್ಕಳು ಬರುವುದು ಕಾಣಿಸಿತು. ಬಂದವರು ಬೇಲಿಯ ಆಚೆ ಸಾಲಾಗಿ ನಿಂತರು. ಕೊರಳಲ್ಲಿ ಸ್ಕೇಟುಗಳು. ಒಳಗೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬಂದ ಹಾಗೆಯೇ ತಿರುಗಿ ಹೋದರು. ಕ್ವಿಬೆಕ್‌ನ ಮಕ್ಕಳು ಮಂಜುಗಡ್ಡೆ ನೋಡಿ ಸುಮ್ಮನೆ ಹಿಂದಿರುಗಿದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಮನೆಯಲ್ಲಿ ದಿನವೂ ಅದೇ ಪ್ರಶ್ನೆ. "ಸಲಿಕೆ?" "ನಿಂತಿದೆ ಅತ್ತೆ." ಅತ್ತೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದರು. ಅದು ಬಿದ್ದಿರುತ್ತದೆ, ನಾನು ನಿಲ್ಲಿಸುತ್ತೇನೆ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಗಂಡನ ಸಲಿಕೆ ದಿನವೂ ಬೀಳುತ್ತದೆಂದು ತಿಳಿದರೆ ಆ ಜೀವ ಎಷ್ಟು ನೊಂದೀತು ಎಂಬುದೇ ನನ್ನ ಚಿಂತೆ.

ಹಾಲು ತರಲು ಹೆಕ್ಟರನ ಮೂಲೆ ಅಂಗಡಿಗೆ ಹೋದೆ. ಮಾವನ ನಂತರ ಅಂಗಳಕ್ಕೆ ನೀರು ಹಾಯಿಸುವವನು ಇವನೇ. ನಾನು ಒಳಗೆ ಕಾಲಿಟ್ಟದ್ದೇ ತಡ, ಮಾತಾಡುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ಎದುರು ಮನೆಯ ಮದಾಂ ಪೆಲ್ತಿಯೆ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

"ಆಲ್ಫೋನ್ಸಿನ್ ಹೇಗಿದಾಳೆ? ಲೂಸಿಯೆನ್ ಹೆಸರಲ್ಲಿ ಚರ್ಚಿನಲ್ಲಿ ಒಂದು ಪ್ರಾರ್ಥನೆ ಮಾಡಿಸಿಬಿಡಿ. ಅವನಿಗೆ ಏನೋ ಸಮಾಧಾನ ಇಲ್ಲ."

"ಯಾರಿಗೆ? ಸತ್ತವರಿಗಾ?"

"ನಾನೇನೂ ಹೇಳ್ಲಿಲ್ಲಪ್ಪ. ಮನೆಯವರ ಮುಂದೆ ಹೇಳೋದಲ್ಲ ಅದು."

ಹೆಕ್ಟರ್ ಗಲ್ಲಾದ ಹಿಂದಿನಿಂದ ತಗ್ಗಿದ ದನಿಯಲ್ಲಿ ಹೇಳಿದ: "ಬೆಳಗಾಗೋಕೆ ಮುಂಚೆ ಹೋಗಿ ನೀರು ಹಾಯಿಸ್ತೀನಿ ಕ್ಲೆಮಾನ್. ಹಿಂದಿನ ದಿನ ಹೇಗೆ ಬಿಟ್ಟಿರ್ತೀನೋ ಹಾಗೇ ಇರುತ್ತೆ. ಒಂದು ಗೀಟಿಲ್ಲ. ಯಾರೋ ಯಾರನ್ನೂ ಒಳಗೆ ಬಿಡ್ತಿಲ್ಲ."

ಹಾಲು ಮರೆತು ಬಂದೆ. (ಅದಕ್ಕೂ ಬೈಸಿಕೊಂಡೆ.)

ಆ ದಿನದಿಂದ ನನ್ನೊಳಗೆ ಒಂದು ವಿಚಾರ ಬೆಳೆಯತೊಡಗಿತು. ಮಾವನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಹೆಣ್ಣು ಕೇಳಲು ಹೋದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಸ್ಕೇಟಿಂಗ್ ಬರುತ್ತಾ?" ನಾನು "ಸುಮಾರಾಗಿ" ಎಂದೆ. ಆಮೇಲೆ ಸಾಯುವವರೆಗೆ ನನ್ನೊಡನೆ ಸುಮಾರಾಗಿಯೇ ಮಾತಾಡಿದರು. ಈಗ ನಾನು ನಿಲ್ಲಿಸಿದ್ದನ್ನು ದಿನವೂ ಮಲಗಿಸುತ್ತಿರುವವರು ಇನ್ಯಾರು? ಈ ಅಳಿಯ ಮುಟ್ಟಿದ ಸಲಿಕೆ ನನಗೆ ಬೇಡ ಎಂಬ ಹಟವಿರಬೇಕು.

ಹಟಕ್ಕೆ ಹಟ. ಮರುದಿನ ಸಲಿಕೆ ನೆಟ್ಟು, ಅದರ ಬುಡಕ್ಕೆ ಫ್ಲಾಸ್ಕಿನ ಬಿಸಿನೀರನ್ನು ಸುರಿದೆ. ಆ ಚಳಿಯಲ್ಲಿ ನೋಡನೋಡುತ್ತ ಗಟ್ಟಿಯಾಯಿತು. ಇನ್ನು ಯಮನೇ ಬಂದರೂ ಕೀಳಲಾರ ಎಂದುಕೊಂಡು ಬಂದೆ. ಅದರ ಮರುದಿನ ಹೋಗಿ ನೋಡುತ್ತೇನೆ, ಬುಡದ ಗಡ್ಡೆ ಚೂರುಚೂರಾಗಿ ಸಿಡಿದಿದೆ. ಸಲಿಕೆ ಮಲಗಿದೆ. ಯಮನ ಹೆಸರು ತೆಗೆಯಬಾರದಿತ್ತು ಎನಿಸಿತು. ಆದರೂ ಮತ್ತೆ ನಿಲ್ಲಿಸಿದೆ. ಅತ್ತೆಗೆ ಸುಳ್ಳು ವರದಿ ಕೊಡಲಾಗುವುದಿಲ್ಲವಲ್ಲ.

ಹೀಗೇ ಆಪರೇಷನ್ನಿನ ಹಿಂದಿನ ದಿನ ಬಂತು, ಭಾನುವಾರ. ಊಟದ ಮೇಜಿನಲ್ಲಿ ಅತ್ತೆ ಚಮಚ ಕೆಳಗಿಟ್ಟರು.

"ಇವತ್ತು ಸಂಜೆ ನಾನೇ ಹೋಗಿ ಕೇಳ್ತೀನಿ."

"ಯಾರನ್ನ ಅತ್ತೆ? ನಗರಸಭೆ ಭಾನುವಾರ ರಜಾ."

"ಲೂಸಿಯೆನ್‌ನ."

ನಾನು ನಗಲು ಒಡೆಟ್ ಕಡೆ ತಿರುಗಿದೆ. ಅವಳು ನಗಲಿಲ್ಲ. "ನಾನೂ ಬರ್ತೀನಮ್ಮ," ಎಂದಳು. ಲೆಕ್ಕದಲ್ಲಿ ಎಂ.ಎ. ಮಾಡಿದ ಹೆಂಗಸು.

ಆದರೂ ಮಂತ್ರಿಗೆ ಕರ್ತವ್ಯ ಎಂದೊಂದಿದೆ. ಇವರು ಬರುವ ಮೊದಲೇ ಹೋಗಿ ಅಡಗಿ ಕುಳಿತು, ಸಲಿಕೆ ಮಲಗಿಸುವುದು ಮನುಷ್ಯನೋ ಮಾವನೋ ಪತ್ತೆ ಹಚ್ಚಿಬಿಡಬೇಕು. ಹಿಮದಲ್ಲಿ ಅಡಗಲು ಬಿಳಿಯದೇ ಬೇಕು. ಅಲಮಾರಿನಲ್ಲಿ ಕೈಗೆ ಸಿಕ್ಕ ಬಿಳಿ ಹಾಸಿಗೆ ಹೊದಿಕೆಯನ್ನು ಎಳೆದುಕೊಂಡೆ. ಇನ್ನೊಂದು ಕೈಯಲ್ಲಿ ಕುದಿಯುವ ನೀರಿನ ಕೆಟಲು. ಫ್ಲಾಸ್ಕಿನ ನೀರು ಸಾಲದೆಂದು ಗೊತ್ತಾಗಿತ್ತಲ್ಲ.

ಆ ಸಂಜೆ ಪಾರ್ಕಿನಲ್ಲಿ ಮಂಜು ಇಳಿದಿತ್ತು. ಕಂಬದ ದೀಪ ಇನ್ನೂ ಹತ್ತಿರಲಿಲ್ಲ. ಮರಗಳು ಚಳಿಗೆ ಆಗಾಗ ಲಟ್ ಎನ್ನುತ್ತಿದ್ದವು. ಹೊದಿಕೆಯನ್ನು ತಲೆಯಿಂದ ಹೊದ್ದುಕೊಂಡು ಗೇಟಿನ ಬಳಿ ಹೋದೆ. ಸಲಿಕೆ ಮಲಗಿತ್ತು. ಮಂಜುಗಡ್ಡೆಯ ಕೆಳಗಿನಿಂದ ಯಾರೋ ನಿಟ್ಟುಸಿರಿಟ್ಟಂತೆ ಒಂದು ಸದ್ದು ಬಂತು. "ಮಾವ," ಎಂದೆ ಮೆಲ್ಲಗೆ, "ಅತ್ತೆ ಬರ್ತಿದಾರೆ. ಇವತ್ತೊಂದು ದಿನ ಮರ್ಯಾದೆಯಾಗಿ ನಿಂತಿರಲಿ ಇದು. ನನಗೋಸ್ಕರ ಅಲ್ಲ, ಅವರಿಗೋಸ್ಕರ." ಸಲಿಕೆಯನ್ನೆತ್ತಿ, ಮೈಯ ಶಕ್ತಿಯೆಲ್ಲ ಹಾಕಿ ನೆಟ್ಟು, ಬುಡಕ್ಕೆ ಕೆಟಲು ಬಗ್ಗಿಸಿದೆ. ಬುಸ್ ಎಂದು ಹಬೆ ನನ್ನ ಸುತ್ತಲೂ ಎದ್ದಿತು.

ಆಗ ಮಂಜಿನ ಆಚೆಯಿಂದ ಬಹಳ ಜನ ಒಟ್ಟಿಗೆ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು.

ತಿರುಗಿ ನೋಡಿದೆ. ಅತ್ತೆ ಬರುವ ಸುದ್ದಿ ಹೇಗೋ ಹಬ್ಬಿ, ಬೇಲಿಯುದ್ದಕ್ಕೂ ಇಡೀ ಬೀದಿ ನಿಂತಿತ್ತು. ಮದಾಂ ಪೆಲ್ತಿಯೆ ಮಂಡಿಯೂರಿದ್ದರು. ನನ್ನ ಹಿಂದೆ ಏನನ್ನೋ ಕಂಡು ಹೆದರಿದ್ದಾರೆಂದು ಭಾವಿಸಿ ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಗುಂಪಿನಿಂದ ಅತ್ತೆ ಒಬ್ಬರೇ ಕೋಲೂರಿಕೊಂಡು ಬಂದರು. ಕೊರಳಲ್ಲಿ ಸ್ಕೇಟುಗಳು ಟಣ್‌ಗುಡುತ್ತಿದ್ದವು. ಹತ್ತು ಹೆಜ್ಜೆ ದೂರದಲ್ಲಿ ನಿಂತರು.

"ಲೂಸಿಯೆನ್," ಎಂದರು. ಅಂಥ ಮೃದುವಾದ ದನಿ ಅವರಿಗೆ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಯಾಕೋ ಬಿಡ್ತಿಲ್ಲ ನನ್ನ? ನಾಳೆಯಾದ್ಮೇಲೆ ಆಗಲ್ಲ ಕಣೋ."

ನಾನು ಹೊದಿಕೆಯೊಳಗಿಂದ ಮುಖ ತೆಗೆದೆ. "ನಾನು ಅತ್ತೆ. ಕ್ಲೆಮಾನ್."

ಅತ್ತೆ ಇನ್ನೆರಡು ಹೆಜ್ಜೆ ಮುಂದೆ ಬಂದು ನೋಡಿದರು. "ನೀನಾ," ಎಂದರು.

ಜೀವನದಲ್ಲಿ ಬೇಕಾದಷ್ಟು ಬೈಗುಳ ತಿಂದಿದ್ದೇನೆ. ಆ 'ನೀನಾ' ಎಂಬುದರಷ್ಟು ಯಾವುದೂ ನಾಟಿರಲಿಲ್ಲ. ಅವರು ನಿಜವಾಗಿಯೂ ಗಂಡನನ್ನು ಕಾಣಲು ಬಂದಿದ್ದರು. ಸಿಕ್ಕಿದ್ದು ಅಳಿಯ. ನನಗೆ ಅಳು ಬಂತು.

ಒಡೆಟ್ ಗೇಟು ದಾಟಿ ಬಂದಳು. "ಅದು ನನ್ನ ಮದುವೆ ಹೊದಿಕೆ," ಎಂದಳು ಮೊದಲು. ಆಮೇಲೆ, "ಇಷ್ಟು ದಿನ ಸಲಿಕೆ ನಿಲ್ಲಿಸ್ತಿದ್ದಿದ್ದು ನೀನಾ?"

"ಮತ್ತಿನ್ಯಾರು? ಬಿದ್ದಿರ್ತಿತ್ತು. ಮಾವನ ಸಲಿಕೆ ಅಂತ ಮರ್ಯಾದೆಯಾಗಿ ನಿಲ್ಲಿಸ್ತಿದ್ದೆ."

"ಅದು ಬಿದ್ದಿರ್ತಿರಲಿಲ್ಲ ಮಾರಾಯ," ಎಂದ ಹೆಕ್ಟರ್. "ನಾನು ಮಲಗಿಸಿರ್ತಿದ್ದೆ. ನೀರು ಹಾಯಿಸಿದ್ಮೇಲೆ ಸಲಿಕೆ ನಿಲ್ಸಿದ್ರೆ ಇನ್ನೂ ಹೆಪ್ಪುಗಟ್ಟಿಲ್ಲ, ಯಾರೂ ಕಾಲಿಡಬೇಡಿ ಅಂತ ಅರ್ಥ. ಮಲಗಿಸಿದ್ರೆ ತೆರೆದಿದೆ ಅಂತ. ಲೂಸಿಯೆನ್ ಕಾಲದಿಂದ ಹಾಗೇ. ಬೆಳಿಗ್ಗೆ ಗಟ್ಟಿಯಾದ ತಕ್ಷಣ ಮಲಗಿಸಿ ಅಂಗಡಿಗೆ ಹೋದ್ರೆ, ಸಂಜೆ ಮಕ್ಕಳು ಬಂದು, ನಿಂತಿದೆ ಅಂತಾರೆ. ಆಮೇಲಾಮೇಲೆ ರಜಾ ದಿನ ಮಲಗಿದ್ರೂ ಹೆದರಿ ಯಾರೂ ಇಳೀತಿರಲಿಲ್ಲ. ಒಂದಿನ ಬುಡಕ್ಕೆ ಗಡ್ಡೆ ಕಟ್ಟಿತ್ತು, ಹಾರೆ ತಗೊಂಡು ಒಡೆದೆ. ಕೈ ಕಾಲು ತಣ್ಣಗಾಗಿಹೋಗಿತ್ತು ನಂದು."

"ನನಗೆ ಯಾರೂ ಹೇಳ್ಲಿಲ್ಲ."

"ಇದನ್ನ ಹೇಳ್ಬೇಕಾ?" ಎಂದಳು ಒಡೆಟ್. "ತೊಟ್ಟಿಲ ಮಗುಗೂ ಗೊತ್ತು."

ನದಿಯ ಆಚೆ ದಂಡೆಯ ತೊಟ್ಟಿಲುಗಳಲ್ಲಿ ಇದನ್ನು ಕಲಿಸುತ್ತಿರಲಿಲ್ಲ. ಅಲ್ಲಿ ಗೇಟಿಗೆ ಹಲಗೆ ತೂಗುಹಾಕುತ್ತಿದ್ದರು, ಅದರ ಮೇಲೆ ಅಕ್ಷರಗಳಿರುತ್ತಿದ್ದವು. ಇಡೀ ಚಳಿಗಾಲ ಊರಿನಲ್ಲಿ ತಪ್ಪು ಮಾಹಿತಿ ಹಬ್ಬಿಸಿದವನು ನಾನು. ಜಾಲತಾಣ ಈ ಒಂದು ತಿಂಗಳು ನಿಜವನ್ನೇ ಹೇಳುತ್ತಿತ್ತು.

"ನನಗೆ ಆಗ್ಲೇ ಅನುಮಾನ ಇತ್ತು," ಎಂದರು ಮದಾಂ ಪೆಲ್ತಿಯೆ, ಮಂಡಿಯ ಹಿಮ ಒರೆಸಿಕೊಳ್ಳುತ್ತ. "ಲೂಸಿಯೆನ್ ಸಲಿಕೆ ಗೂಟದ ಹಾಗೆ ನಿಲ್ತಿತ್ತು. ಇದು ದಿನಾ ಎಡಕ್ಕೆ ವಾಲಿರ್ತಿತ್ತು. ಸತ್ತ ಮೇಲೆ ಕೈಯಲ್ಲಿ ಬಲ ಇಲ್ಲ ಪಾಪ ಅಂದ್ಕೊಂಡಿದ್ದೆ."

"ಮಾತು ಸಾಕು," ಎಂದರು ಅತ್ತೆ. "ಮಲಗಿಸಿ ಅದನ್ನ."

ಸಲಿಕೆ ಅಲುಗಲಿಲ್ಲ. ಕೆಟಲು ನೀರಲ್ಲವೇ. ಹೆಕ್ಟರ್ ಎಳೆದ, ಅವನ ಹಿಂದೆ ಇಬ್ಬರು ಎಳೆದರು. ಸಲಿಕೆ ನಿಂತಿರುವಾಗ ಅಂಗಳಕ್ಕೆ ಕಾಲಿಡಲು ಅತ್ತೆ ಒಪ್ಪಲೊಲ್ಲರು. ಕೊನೆಗೆ ನಾನೇ ಹಿಡಿಯನ್ನು ತಬ್ಬಿಕೊಂಡು ಎಳೆದೆ. ಅದು ಒಮ್ಮೆಗೇ ಕಿತ್ತು ಬಂತು. ನಾನು ಸಲಿಕೆಯೊಂದಿಗೆ ಹಿಂದಕ್ಕೆ ಬಿದ್ದು, ಹೊದಿಕೆಯ ಸಮೇತ ಕನ್ನಡಿಯಂಥ ಮಂಜುಗಡ್ಡೆಯ ಮೇಲೆ ಅಂಗಳದ ಆ ತುದಿಯವರೆಗೂ ಜಾರಿಕೊಂಡು ಹೋದೆ. ಆ ಚಳಿಗಾಲದ ಮೊದಲ ಗೀಟು ನನ್ನದೇ, ಬೆನ್ನಿನದು.

ಆಗ ದೀಪ ಹತ್ತಿತು. ಅತ್ತೆ ಸ್ಕೇಟು ಕಟ್ಟಿಕೊಂಡು ಇಳಿದರು. ನಡೆಯುವಾಗ ಕುಂಟುವ ಹೆಂಗಸು ಮಂಜುಗಡ್ಡೆಯ ಮೇಲೆ ಹುಡುಗಿಯ ಹಾಗೆ ತೇಲಿ ಹೋದರು. ಎಡದ ತೋಳು ಮಡಿಸಿಕೊಂಡಿತ್ತು, ಪಕ್ಕದಲ್ಲಿ ಯಾರದೋ ತೋಳನ್ನು ಹಿಡಿದ ಹಾಗೆ. ಮಾತೂ ಆಡುತ್ತಿದ್ದರು, ನಡುನಡುವೆ ತಲೆಯಾಡಿಸುತ್ತಿದ್ದರು. ಒಂದು ಸುತ್ತು ಮುಗಿಯುವವರೆಗೆ ಯಾವ ಮಗುವೂ ಒಳಗೆ ಕಾಲಿಡಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನೂ ಒಡೆಟ್ಟೂ ಕಾಯುತ್ತಿದ್ದಾಗ ಹೆಕ್ಟರನ ಫೋನು ಬಂತು.

"ಮತ್ತೆ ನಿಲ್ಲಿಸಿ ಹೋಗಿದೀಯಲ್ಲ ಮಾರಾಯ. ಬೆಳಿಗ್ಗೆ ನಾನೇ ಮಲಗಿಸಿ ಬಂದಿದ್ದೆ. ಈಗ ನೋಡಿದ್ರೆ ನಿಂತಿದೆ."

"ನಾನು ಆಸ್ಪತ್ರೇಲಿದೀನಿ."

"ಸುಮ್ನಿರು. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಇದ್ದಕ್ಕಿದ್ದ ಹಾಗೆ ಬೆಚ್ಚಗಾಗಿ ಅಂಗಳವೆಲ್ಲ ಕೆಸರು. ಸಲಿಕೆ ನೋಡಿ, ಶಾಲೆಗೆ ಹೋಗೋ ಮಕ್ಕಳು ಯಾರೂ ಇಳೀಲಿಲ್ಲ. ನಗರಸಭೆ ಟ್ರ್ಯಾಕ್ಟರು ಮಾತ್ರ ಇಳಿದು ಹೂತುಹೋಯ್ತು. ಜಾಲತಾಣದಲ್ಲಿ ಅತ್ಯುತ್ತಮ ಅಂತಿತ್ತಂತೆ."

ಫೋನಿಟ್ಟು ಒಡೆಟ್‌ಗೆ ಹೇಳಿದೆ. ನನ್ನ ಪಕ್ಕದಲ್ಲೇ ಕುಳಿತಿದ್ದ ನನ್ನ ಧರ್ಮಪತ್ನಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಕಾಫಿ ತರ್ತೀನಿ ಅಂತ ಹೋದೋನು ಯಾಕೆ ಅಷ್ಟು ಹೊತ್ತು ಮಾಡ್ದೆ?"

ಅತ್ತೆಗೆ ಎಚ್ಚರವಾದಾಗ ಸಂಜೆಯಾಗಿತ್ತು. ಮಂಪರಿನಲ್ಲೇ ಕೇಳಿದರು. "ಸಲಿಕೆ?"

"ನಿಂತಿದೆ ಅತ್ತೆ. ದೇವರಾಣೆ, ನಾನಲ್ಲ."

"ವಾಲಿದೆಯಂತಾ?"

"ಇಲ್ವಂತೆ. ಗೂಟ ಹೊಡೆದ ಹಾಗಿದೆಯಂತೆ."

ಅತ್ತೆ ಕಣ್ಣು ಮುಚ್ಚಿಕೊಂಡೇ ನಕ್ಕರು. "ಹಾಗಾದ್ರೆ ನೀನಲ್ಲ ಬಿಡು. ಒಂದು ಸಲಿಕೆ ನೆಟ್ಟಗೆ ನಿಲ್ಸೋದು ನಿನ್ನ ಕೈಲಿ ಎಲ್ಲಾಗುತ್ತೆ."